ಖೊಟ್ಟಿ ಪೆನ್ನಿನ ದಾವೆ

ಆ ಮೇಲ್ ಬಂದಾಗ ನಾನು ಯಾರದೋ ಜೀವನಾಂಶದ ಅರ್ಜಿ ಟೈಪ್ ಮಾಡುತ್ತಿದ್ದೆ. ಗಂಡ ಕುಡಿದು ಬಂದು ಬಾಗಿಲು ಒದೆಯುವ ಪ್ಯಾರಾಕ್ಕೆ ಬಂದಿದ್ದೆ. ಅವನನ್ನು ಹೊರಗೇ ನಿಲ್ಲಿಸಿ ಮೇಲ್ ತೆರೆದೆ. ನಾನು ಹಳೆಯ ಶಾಯಿ ಪೆನ್ನುಗಳನ್ನು ಮಾರುತ್ತಿದ್ದ ಹರಾಜಿನ ವೆಬ್‌ಸೈಟಿನಿಂದ ಬಂದದ್ದು. ನಿಮ್ಮ ಮಾಲು ನಕಲಿ ಎಂದು ಬ್ರ್ಯಾಂಡಿನ ಒಡೆಯರು ದೂರು ಕೊಟ್ಟಿದ್ದಾರೆ, ಆದ್ದರಿಂದ ನಿಮ್ಮ ಹದಿನೇಳು ಜಾಹೀರಾತುಗಳನ್ನು ತೆಗೆದುಹಾಕಿ ಖಾತೆಯನ್ನು ಅಮಾನತಿನಲ್ಲಿ ಇಟ್ಟಿದ್ದೇವೆ ಎಂದಿತ್ತು. ಕೆಳಗೆ ಮನುಷ್ಯರ ಹೆಸರಿರಲಿಲ್ಲ, ‘ಸುರಕ್ಷತಾ ತಂಡ’ ಎಂದಷ್ಟೇ ಇತ್ತು. ತಪ್ಪು ವಿಳಾಸಕ್ಕೆ ಬಂದಿರಬೇಕು ಎಂದುಕೊಂಡು ಅರ್ಜಿ ಮುಗಿಸಿದೆ.

ತಪ್ಪು ವಿಳಾಸಕ್ಕೆ ಬಂದಿರಲಿಲ್ಲ. ಸಂಜೆ ನನ್ನ ಖಾತೆ ತೆರೆಯಲು ನೋಡಿದರೆ ಹೆಸರಿನ ಮುಂದೆ ಕೆಂಪು ಗುರುತು ಬಿದ್ದಿತ್ತು. ಅದರ ಹಿಂದಿನ ದಿನದವರೆಗೆ ಆ ಹೆಸರಿನ ಮುಂದೆ ಇನ್ನೂರಕ್ಕೂ ಹೆಚ್ಚು ಗಿರಾಕಿಗಳ ಒಳ್ಳೆಯ ಮಾತುಗಳಿದ್ದವು. ಪೆನ್ನು ತಲುಪಿತು, ಸೊಗಸಾಗಿ ಬರೆಯುತ್ತದೆ ಎಂದು ಕೊಲ್ಕತ್ತಾದಿಂದ, ಪುಣೆಯಿಂದ ಬರೆದವರಿದ್ದರು. ಅದನ್ನೆಲ್ಲ ಒಂದು ಗುರುತು ಒರೆಸಿಹಾಕಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ತಿಳಿಯದೆ ಕಂಪ್ಯೂಟರಿನ ಪ್ಲಗ್ ಕಿತ್ತು ಕೂತೆ.

ಪೆನ್ನುಗಳು ನನಗೆ ಬಂದ ಬಗೆ ಹೇಳಬೇಕು. ಧಾರವಾಡದ ಮಾರ್ಕೆಟ್ಟಿನಲ್ಲಿ ಒಂದು ಸ್ಟೇಶನರಿ ಅಂಗಡಿ, ಅದರ ಅಟ್ಟದ ಮೇಲೆ ನನ್ನ ಟೈಪಿಂಗ್ ಕೋಣೆ. ಅಂಗಡಿಯ ಒಡೆಯರನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ಎಪ್ಪತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ಮೈಮೇಲೆ ಗರಗದ ಖಾದಿ ಅಂಗಿ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ತೊಂಬತ್ತರ ದಶಕದಲ್ಲಿ ನನ್ನ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರು ಒಟ್ಟಿಗೆ ಬಡಿಯುವಾಗ ಅವರು ಕೆಳಗಿನಿಂದ ಕೋಲು ಹಿಡಿದು ಅಟ್ಟ ಕುಟ್ಟುತ್ತಿದ್ದರು. ಎರಡು ಸಾವಿರದ ಐದರ ಹೊತ್ತಿಗೆ ಮೇಲೆ ಸದ್ದಿಲ್ಲ, ಕೆಳಗೆ ಗಿರಾಕಿಯಿಲ್ಲ. ನನಗೆ ಉಳಿದದ್ದು ಒಂದು ಕಂಪ್ಯೂಟರು ಮತ್ತು ವಕೀಲರ ಅರ್ಜಿಗಳು. ಅವರಿಗೆ ಉಳಿದದ್ದು ಎರಡು ಕಪಾಟು ತುಂಬ ಶಾಯಿ ಪೆನ್ನು. ಕಾಲೇಜಿನ ಹುಡುಗರೆಲ್ಲ ಆಗಲೇ ಜೆಲ್ ಪೆನ್ನು ಹಿಡಿದಾಗಿತ್ತು.

ಪೆನ್ನುಗಳು ಒಂದು ಕಾಲಕ್ಕೆ ದೇಶವೆಲ್ಲ ಹೆಸರಾಗಿದ್ದ ಒಂದು ಕಂಪನಿಯವು. ಆ ಕಂಪನಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಹಳೆಯ ಪೆನ್ನು ಕೂಡಿಡುವ ಹುಚ್ಚಿನವರು ಇಂಟರ್‌ನೆಟ್ಟಿನಲ್ಲಿ ಅವನ್ನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿದದ್ದು ಆಕಸ್ಮಿಕ. ಕಾಕಾ ಅವರನ್ನು ಕೇಳಿದೆ. ಅವರು ನಕ್ಕರು.

“ನಡಿಯೂ ಗಡಿಯಾರ ಬಿಟ್ಟು ನಿಂತ ಗಡಿಯಾರ ಕೊಳ್ಳೂ ಮಂದೀನೂ ಇರ್ತಾರೇನವಾ? ಒಯ್ಯಿ, ಒಯ್ದು ಮಾರು. ಕಪಾಟರ ಖಾಲಿ ಆಕ್ಕತಿ.”

“ಎಲ್ಲಾ ಅಸಲೀನ ಹೌದಲ್ರಿ ಕಾಕಾ? ಮಂದಿ ಕೇಳ್ತಾರ.”

“ಹುಬ್ಬಳ್ಳಿ ಕಂಪನಿ ಡಿಪೋದಿಂದ ನಾನ ಸೈಕಲ್ ಮ್ಯಾಲೆ ಹೇರ್ಕೊಂಡು ಬಂದೇನಿ. ಅಸಲಿ ಅಲ್ದ ಮತ್ತೇನು?”

ಅದೇ ಮಾತನ್ನು ನಾನು ಜಾಹೀರಾತಿನಲ್ಲಿ ಹಾಕಿದೆ. ಪೆನ್ನನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ, ಮೇಲೆ ಕಪ್ಪು ಬಟ್ಟೆ ಹೊದಿಸಿ ಚಿತ್ರ ತೆಗೆಯುತ್ತಿದ್ದೆ. ಕ್ಯಾಮರಾ ನನ್ನ ಬಳಿ ಇರಲಿಲ್ಲ, ಸ್ಕ್ಯಾನರಿನಲ್ಲಿ ಕ್ಲಿಪ್ಪಿನ ಮೇಲಿನ ಅಕ್ಷರ ಕೂಡ ಸ್ಪಷ್ಟವಾಗಿ ಬರುತ್ತಿತ್ತು. ಕೆಳಗೆ ‘ಬಳಸದ ಹಳೆಯ ದಾಸ್ತಾನು, ಎಲ್ಲ ಭಾಗಗಳೂ ಮೂಲ ಕಂಪನಿಯವು’ ಎಂದು ಬರೆಯುತ್ತಿದ್ದೆ. ಈ ಸಾಲನ್ನು ನಾನೇ ಬರೆದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಕಂಪನಿಯವರನ್ನು ಎಷ್ಟು ಬೈದರೂ ಈ ಸಾಲು ನನ್ನದೇ.

ವೆಬ್‌ಸೈಟಿಗೆ ಉತ್ತರ ಬರೆದೆ. ಯಂತ್ರದ ಉತ್ತರ ಬಂತು. ಎರಡನೇ ಸಲ ಬರೆದೆ. ಅದೇ ಉತ್ತರ, ತಾರೀಖು ಮಾತ್ರ ಬೇರೆ. ಮೂರನೆಯ ಸಲಕ್ಕೆ, ದೂರು ಕೊಟ್ಟವರೊಂದಿಗೆ ನೀವೇ ಮಾತಾಡಿ ಬಗೆಹರಿಸಿಕೊಳ್ಳಿ, ಅವರು ದೂರು ಹಿಂತೆಗೆದರೆ ಖಾತೆ ತೆರೆಯುತ್ತೇವೆ ಎಂದರು. ಕಳ್ಳ ಎಂದವನ ಹತ್ತಿರವೇ ಹೋಗಿ ಕಳ್ಳನಲ್ಲ ಎಂದು ಬರೆಸಿಕೊಂಡು ಬಾ ಎನ್ನುವ ನ್ಯಾಯ. ನಾನು ಹದಿನೈದು ವರ್ಷ ಅರ್ಜಿ ಟೈಪ್ ಮಾಡಿದವಳು, ಇಂಥದ್ದನ್ನು ಯಾವ ಕಾಗದದಲ್ಲೂ ಕಂಡಿರಲಿಲ್ಲ.

ಹತ್ತು ದಿನಕ್ಕೆ ಮುಂಬೈಯ ವಕೀಲರ ನೋಟಿಸು ಬಂತು. ಅದರಿಂದ ವಿಷಯ ತಿಳಿಯಿತು. ಮುಚ್ಚಿದ ಕಂಪನಿಯ ಹೆಸರನ್ನು ಹೊಸಬರು ಯಾರೋ ಕೊಂಡುಕೊಂಡಿದ್ದರು. ಅದೇ ಹೆಸರಿನಲ್ಲಿ ಶ್ರೀಮಂತರ ಮೇಜಿಗೆ ಹೊಂದುವಂಥ ದುಬಾರಿ ಪೆನ್ನು ತರುವ ತಯಾರಿ ನಡೆದಿತ್ತು. ಧಾರವಾಡದ ಅಟ್ಟದ ಮೇಲಿನ ಒಬ್ಬ ಹೆಂಗಸು ಅದೇ ಹೆಸರಿನ ಪೆನ್ನನ್ನು ಸೋವಿಯಲ್ಲಿ ಮಾರುವುದು ಅವರಿಗೆ ಸಹಿಸಲಾಗಲಿಲ್ಲ. ಬೇರೆ ಹೆಸರಿನಲ್ಲಿ ನನ್ನಿಂದಲೇ ಒಂದು ಪೆನ್ನು ತರಿಸಿಕೊಂಡು ಪರೀಕ್ಷೆ ಮಾಡಿಸಿದ್ದರಂತೆ. ಒಳಭಾಗಗಳು ನಮ್ಮ ತಯಾರಿಕೆಯವಲ್ಲ, ಆದ್ದರಿಂದ ಪೆನ್ನು ನಕಲಿ ಎಂದು ಬರೆದಿದ್ದರು. ಕ್ರಿಮಿನಲ್ ಮೊಕದ್ದಮೆ ಹೂಡುವ ಬೆದರಿಕೆ ಇತ್ತು. ಒಳಭಾಗಗಳ ಮಾತನ್ನು ನಾನು ಹಸೀ ಸುಳ್ಳು ಎಂದು ತಳ್ಳಿಹಾಕಿದೆ. ಒಂದು ಪೆನ್ನನ್ನಾದರೂ ಬಿಚ್ಚಿ ನೋಡಬೇಕು ಎಂದು ನನಗೆ ಹೊಳೆಯಲಿಲ್ಲ. ಇವತ್ತಿಗೂ ಅದಕ್ಕೆ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ನೋಟಿಸಿನ ಜೊತೆ ಒಂದು ಮುಚ್ಚಳಿಕೆ ಪತ್ರದ ನಮೂನೆ ಇತ್ತು. ನಾನು ತಿಳಿಯದೆ ನಕಲಿ ಮಾಲು ಮಾರಿದ್ದೇನೆ, ಅದು ನನಗೆ ಸಿಕ್ಕಿದ್ದು ಇಂಥ ಅಂಗಡಿಯಿಂದ, ಉಳಿದ ಮಾಲನ್ನು ನಾಶಪಡಿಸಲು ಒಪ್ಪಿಸುತ್ತೇನೆ ಎಂದು ಸಹಿ ಮಾಡಿದರೆ ದೂರು ಹಿಂತೆಗೆಯುತ್ತಾರೆ. ಖಾತೆ ಮತ್ತೆ ತೆರೆಯುತ್ತದೆ. ಅಂಗಡಿಯ ಹೆಸರು ಬರೆಯಲು ಚುಕ್ಕೆಗಳ ಸಾಲು ಬಿಟ್ಟಿದ್ದರು. ಸಹಿ ಮಾಡುವ ಯೋಚನೆಯೇ ನನಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ನಮೂನೆಯನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ, ಕಾಕಾ ಅವರ ಅಂಗಡಿಯ ಹೆಸರನ್ನೂ ಹಾಕಿ, ಪ್ರಿಂಟು ತೆಗೆದು ಎರಡು ವಾರ ಡ್ರಾವರಿನಲ್ಲಿ ಇಟ್ಟುಕೊಂಡಿದ್ದೆ. ಅವರಿಗೆ ವಯಸ್ಸಾಗಿದೆ, ಇಂಟರ್‌ನೆಟ್ಟು ಎಂದರೇನೆಂದು ಗೊತ್ತಿಲ್ಲ, ಮುಂಬೈಯಲ್ಲಿ ಎಲ್ಲೋ ಒಂದು ಫೈಲಿನಲ್ಲಿ ಅವರ ಹೆಸರಿದ್ದರೆ ಏನಾದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಏನಾದೀತು ಎಂಬುದನ್ನು ಕಂಪನಿಯವರೇ ತೋರಿಸಿಕೊಟ್ಟರು. ನನ್ನಿಂದ ಉತ್ತರ ಬರದೇ ಇದ್ದಾಗ, ಕೊರಿಯರ್ ಚೀಟಿಯ ಮೇಲಿದ್ದ ಅಂಗಡಿಯ ವಿಳಾಸ ಹಿಡಿದು ಕಂಪನಿಯ ಹುಬ್ಬಳ್ಳಿ ವಿತರಕರ ಕಡೆಯ ಒಬ್ಬ ಮನುಷ್ಯ ಬಂದ. ಸಂತೆಯ ದಿನ, ಮಟಮಟ ಮಧ್ಯಾಹ್ನ. ಜೊತೆಗೆ ಒಬ್ಬ ಕಾನ್‌ಸ್ಟೇಬಲ್. ನಾನು ಮೇಲಿನಿಂದ ಗದ್ದಲ ಕೇಳಿ ಇಳಿದು ಬರುವಷ್ಟರಲ್ಲಿ ಅಂಗಡಿಯ ಮುಂದೆ ಮಂದಿ ನೆರೆದಿದ್ದರು. ಆ ಮನುಷ್ಯ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ಹಣಿ ಮ್ಯಾಲೆ ವಿಭೂತಿ, ಕಪಾಟಿನ್ಯಾಗ ಖೊಟ್ಟಿ ಮಾಲು! ಎಷ್ಟು ವರ್ಷದಿಂದ ನಡಸೀರಿ ಈ ಧಂದೆ?”

ಕಾಕಾ ಕಾನ್‌ಸ್ಟೇಬಲ್ಲಿಗೆ ಸ್ಟೂಲು ಸರಿಸಿ, “ಬಿಸಲಾಗ ಬಂದೀರಿ, ನೀರು ಕುಡೀರಿ” ಎಂದು ತಂಬಿಗೆ ಕೊಟ್ಟರು. ನೀರು ಗಲ್ಲೆಯ ಮೇಜಿನ ಮೇಲೆ ಚೆಲ್ಲಿತು. ಬಟ್ಟೆಯಿಂದ ಅದನ್ನು ಒರೆಸುತ್ತ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ನಿಂತರು. ಎದುರಿನ ಅಂಗಡಿಯವರು, ನಲವತ್ತು ವರ್ಷದ ನೆರೆಯವರು, ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರೇ ಹೊರತು ಒಬ್ಬರೂ ಇಳಿದು ಬರಲಿಲ್ಲ.

ನಾನು ಮೊಬೈಲಿನಲ್ಲಿ ನಮ್ಮ ವಕೀಲರಿಗೆ ಫೋನು ಹಚ್ಚಿದೆ. ನನ್ನಿಂದ ಹತ್ತು ವರ್ಷ ಅರ್ಜಿ ಟೈಪ್ ಮಾಡಿಸಿಕೊಂಡವರು, ಕೆಲಗೇರಿ ಕಡೆ ಮನೆ, ಮೃದುವಾಗಿ ಮಾತಾಡುವ ಮನುಷ್ಯ. ಫೋನನ್ನು ಕಾನ್‌ಸ್ಟೇಬಲ್ಲಿನ ಕೈಗೆ ಕೊಡು ಎಂದರು. ಟ್ರೇಡ್ ಮಾರ್ಕಿನ ವಿಷಯದಲ್ಲಿ ವಾರಂಟಿಲ್ಲದೆ ಮಾಲು ಹಿಡಿಯಬೇಕಾದರೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಬರಬೇಕು, ಅವರೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ತರಿಸಿಕೊಂಡಿರಬೇಕು, ಆ ಕಾಗದ ಇದ್ದರೆ ತೋರಿಸಲಿ ಎಂದು ಅವರು ಹೇಳಿದ್ದು ನನಗೂ ಕೇಳಿಸಿತು. ಕಾನ್‌ಸ್ಟೇಬಲ್ ಎದ್ದು ನಿಂತ.

“ನನಗೇನ್ ಗೊತ್ತಿಲ್ರಿ ಸರ. ಇವರ ಜೋಡಿ ಹೋಗಿ ಬಾ ಅಂದ್ರು, ಬಂದೇನಿ.”

ಅವರು ಬರಿಗೈಯಲ್ಲೇ ಹೋದರು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಕಾಯ್ದೆ ಗೆದ್ದಿತು, ಆದರೆ ನೋಡಿದ ಮಂದಿ ಕಾಯ್ದೆ ಓದಿದವರಲ್ಲ. ಮರುದಿನದಿಂದ ಪಕ್ಕದ ಶಾಲೆಯ ಮಾಸ್ತರರು ನೋಟ್‌ಬುಕ್ಕು ಕೊಳ್ಳಲು ಬೇರೆ ಅಂಗಡಿಗೆ ಹೋಗತೊಡಗಿದರು. ಗದ್ದಲವಾದ ದಿನದ ಸಂಜೆಯೇ ಕಾಕಾ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಅವರು ಮೇಲೆ ಬಂದದ್ದು ಅದೇ ಮೊದಲು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನಿನಗ ಏನೇನ್ ಮಾಡಬೇಕಾಗೇತಿ ಮಾಡು ತಂಗಿ. ನನಗ ಒಂದ ಬೇಕು. ನಾ ಖೊಟ್ಟಿ ಮಾಲು ಮಾರಿಲ್ಲ ಅಂತ ಯಾರರ ದೊಡ್ಡವರು ಕಾಗದದ ಮ್ಯಾಲೆ ಬರದು ಕೊಡಬೇಕು. ನಾ ಹೋಗೂದ್ರಾಗ ಕೊಡಬೇಕು.”

ಅವರು ಇಳಿದು ಹೋದ ಮೇಲೆ ಡ್ರಾವರಿನ ಮುಚ್ಚಳಿಕೆ ಪತ್ರ ತೆಗೆದು ಹರಿದೆ. 

ವಕೀಲರು ಒಂದು ವಾರ ಪುಸ್ತಕ ತಿರುವಿ, ನನ್ನನ್ನು ಕರೆಸಿದರು. ಟ್ರೇಡ್ ಮಾರ್ಕ್ ಕಾಯ್ದೆಯ ನೂರಾ ನಲವತ್ತೆರಡನೇ ಕಲಂ ತೋರಿಸಿದರು. ಮಾರ್ಕಿನ ಹೆಸರಿನಲ್ಲಿ ಆಧಾರವಿಲ್ಲದೆ ಯಾರಿಗಾದರೂ ಬೆದರಿಕೆ ಹಾಕಿದರೆ, ಬೆದರಿಕೆಗೆ ಒಳಗಾದವರೇ ಮುಂದಾಗಿ ದಾವೆ ಹೂಡಬಹುದು. ಬೆದರಿಕೆ ನ್ಯಾಯವಲ್ಲ ಎಂದು ಘೋಷಣೆ ಕೇಳಬಹುದು, ಮತ್ತೆ ಬೆದರಿಸದಂತೆ ತಡೆ ಕೇಳಬಹುದು, ಆದ ನಷ್ಟವನ್ನೂ ಕೇಳಬಹುದು. ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಇನ್ನೊಂದು ಕಲಮಿನಲ್ಲಿ, ನ್ಯಾಯವಾಗಿ ಕೊಂಡ ಅಸಲಿ ಮಾಲನ್ನು ಮತ್ತೆ ಮಾರುವುದು ತಪ್ಪಲ್ಲ ಎಂದಿತ್ತು. ಅದರ ಕೆಳಗೇ, ಮಾಲಿನ ಸ್ಥಿತಿಯನ್ನು ಆಮೇಲೆ ಬದಲಿಸಿದ್ದರೆ ಮಾರ್ಕಿನ ಒಡೆಯ ಅಡ್ಡ ಬರಬಹುದು ಎಂದೂ ಇತ್ತು. ವಕೀಲರು ಅದರ ಮೇಲೆ ಬೆರಳಿಟ್ಟು ಕೇಳಿದರು.

“ಇದೇನೂ ಇಲ್ಲಲ್ಲ ನಮ್ಮದ್ರಾಗ?”

“ಏನೂ ಇಲ್ರಿ” ಎಂದೆ, ಎದೆ ತಟ್ಟಿಕೊಂಡು.

ದಾವಾ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಪರರ ಸಂಕಟವನ್ನು ಎಷ್ಟೋ ಸಲ ಬಡಿದ ಬೆರಳುಗಳು ‘ವಾದಿ’ ಎಂಬ ಪದದ ಮುಂದೆ ನನ್ನ ಹೆಸರು ಬರೆಯುವಾಗ ತಡವರಿಸಿದವು. ಕಾಕಾ ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಡಿಪೋ ಬಿಲ್ಲುಗಳನ್ನು ಇಳಿಸಿದರು. ಕೆಲವನ್ನು ಗೆದ್ದಲು ತಿಂದಿತ್ತು, ಉಳಿದವುಗಳಲ್ಲಿ ಡಿಪೋದ ಶಿಕ್ಕಾಮುದ್ರೆ ಚೆನ್ನಾಗಿಯೇ ಕಾಣುತ್ತಿತ್ತು. ಒಂದೊಂದಕ್ಕೂ ಝೆರಾಕ್ಸು ಮಾಡಿಸಿ ನಿಶಾನೆ ಹಾಕಿದೆವು. ಕಪಾಟಿನಲ್ಲಿ ಉಳಿದಿದ್ದ ಪೆನ್ನುಗಳು ನೂರಾ ಹದಿನಾಲ್ಕು.

ಕಂಪನಿಯವರು ಮೊದಲು ಈ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲ, ಮುಂಬೈಗೆ ಬನ್ನಿ ಎಂದರು. ನೋಟಿಸು ಧಾರವಾಡಕ್ಕೆ ಬಂದಿದೆ, ಬೆದರಿಕೆ ಧಾರವಾಡದ ಮಾರ್ಕೆಟ್ಟಿನಲ್ಲಿ ನಡೆದಿದೆ ಎಂದು ನಮ್ಮವರು ವಾದಿಸಿದರು. ಆ ಒಂದು ಮಾತಿಗೆ ಎಂಟು ತಿಂಗಳು ಹೋಯಿತು. ಎಂಟೂ ತಿಂಗಳು ನಮಗೆ ಇನ್ನೊಂದು ಹೆದರಿಕೆ ಇತ್ತು. ಅವರು ತಡಮಾಡದೆ ನನ್ನ ಮೇಲೆ ಉಲ್ಲಂಘನೆಯ ದಾವೆ ಹೂಡಿ ನಡೆಸಿದ್ದರೆ ನಮ್ಮ ದಾವೆ ನಿಲ್ಲುತ್ತಿರಲಿಲ್ಲ, ಕಾಯ್ದೆಯೇ ಹಾಗಿದೆ. ಅವರು ಹೂಡಲಿಲ್ಲ. ಬೆದರಿಸುವುದು ಸುಲಭ, ನಡೆಸುವುದು ಕಷ್ಟ ಎಂದು ಅವರ ವಕೀಲರೇ ಹೇಳಿರಬೇಕು. ಪ್ರತಿ ತಾರೀಖಿಗೂ ಕಾಕಾ ಒಗೆದ ಅಂಗಿ ತೊಟ್ಟು ನನ್ನ ಜೊತೆ ಬರುತ್ತಿದ್ದರು. ಬರಬೇಕಾಗಿಲ್ಲ ಎಂದರೂ ಕೇಳುತ್ತಿರಲಿಲ್ಲ. ಹಿಂದಿನ ಬೆಂಚಿನ ಮೇಲೆ ಕೂತು, ನಮ್ಮ ಕೇಸು ಕೂಗಿ ಮುಂದಿನ ತಾರೀಖು ಕೊಟ್ಟ ಕೂಡಲೇ ಎದ್ದು ನ್ಯಾಯಾಧೀಶರಿಗೆ ಕೈಮುಗಿದು ಬರುತ್ತಿದ್ದರು.

ಕೊನೆಗೆ ಅಧಿಕಾರದ ತಕರಾರು ಬಿದ್ದುಹೋಗಿ, ಪೆನ್ನುಗಳನ್ನು ಪರಿಶೀಲಿಸಲು ನ್ಯಾಯಾಲಯ ಒಬ್ಬ ವಕೀಲರನ್ನು ಕಮಿಶನರ್ ಆಗಿ ನೇಮಿಸಿತು. ಎರಡೂ ಕಡೆಯವರ ಮುಂದೆ ಅವರು ಪೆನ್ನು ಬಿಚ್ಚಿ ನೋಡಿ ವರದಿ ಕೊಡಬೇಕು. ಅವರು ಬರುವ ನಾಲ್ಕು ದಿನ ಮೊದಲು ನಮ್ಮ ವಕೀಲರು, ನಾವೇ ಒಮ್ಮೆ ನೋಡಿಬಿಡೋಣ ಎಂದು ಅಂಗಡಿಗೆ ಬಂದರು. ಬೆಳಗಿನ ಹೊತ್ತು. ಕಾಕಾ ಗಲ್ಲೆಯ ಮೇಲೆ ಬಿಳಿ ಬಟ್ಟೆ ಹಾಸಿದರು.

ಈ ಪೆನ್ನುಗಳ ನಿಬ್ಬು ಹೊರಗೆ ಕಾಣುವಂಥದ್ದಲ್ಲ. ಮುಂದಿನ ಕೊಳವೆಯೊಳಗೆ ಅಡಗಿ, ತುದಿ ಮಾತ್ರ ಚೂರು ಇಣುಕುತ್ತದೆ. ಸ್ಕ್ಯಾನರಿನ ಗಾಜಿಗೂ ಕಂಡದ್ದು ಅಷ್ಟೇ. ವಕೀಲರು ಮೊದಲ ಪೆನ್ನನ್ನು ತಿರುಗಿಸಿ ಕೊಳವೆ ಬಿಚ್ಚಿ, ನಿಬ್ಬನ್ನು ಬೆಳಕಿಗೆ ಹಿಡಿದರು. ಅದರ ಮೇಲೆ ಕಂಪನಿಯ ಗುರುತು ಇರಲಿಲ್ಲ. ಎರಡನೆಯದರಲ್ಲಿ ಇತ್ತು. ಮೂರು, ನಾಲ್ಕು, ಐದರಲ್ಲಿ ಇರಲಿಲ್ಲ. ಎಲ್ಲವನ್ನೂ ಬಿಚ್ಚಿದೆವು. ನೂರಾ ಹದಿನಾಲ್ಕರಲ್ಲಿ ಎಂಬತ್ತೊಂದು ಪೆನ್ನುಗಳಲ್ಲಿ ಬೇರೆ ಯಾರದೋ ನಿಬ್ಬು.

“ಕಾಕಾ, ಇದು ಕಂಪನಿ ನಿಬ್ಬಲ್ಲ” ಎಂದೆ.

“ಅಲ್ಲ ಮತ್ತ” ಎಂದರು ಅವರು, ಇದೇನು ಕೇಳುವ ಮಾತು ಎನ್ನುವ ಹಾಗೆ. “ಕಂಪನಿ ನಿಬ್ಬು ಸೂಜಿ ಇದ್ದಂಗ. ಪರೀಕ್ಷಾ ಪೇಪರು ಹರೀತಿತ್ತು. ನಮ್ಮ ಕನ್ನಡ ಅಕ್ಷರ ದುಂಡಗ, ಅದಕ್ಕ ಅಗಲ ತುದಿ ಬೇಕು. ಅದನ್ನ ತಗದು ಬ್ಯಾರೆ ಕೂಡಿಸಿ, ಗಾಜಿನ ಮ್ಯಾಲೆ ತಿಕ್ಕಿ, ಬರದು ನೋಡಿ ಕೊಡ್ತಿದ್ದೆ. ನಲವತ್ತು ವರ್ಷ ಕೊಟ್ಟೇನಿ. ನನ್ನ ಪೆನ್ನು ಹಿಡದು ಎಷ್ಟು ಹುಡುಗುರು ಪಾಸಾಗ್ಯಾರ ಗೊತ್ತೈತೇನು?”

ಪ್ರತಿ ವರ್ಷ ಪರೀಕ್ಷೆಗೆ ಮೊದಲು, ಮಾಘದ ಹೊತ್ತಿಗೆ, ಕೂತು ಡಜನ್‌ಗಟ್ಟಲೆ ಪೆನ್ನು ಹೀಗೆ ತಯಾರು ಮಾಡಿಡುತ್ತಿದ್ದರಂತೆ. ಹುಡುಗರು ಜೆಲ್ ಪೆನ್ನಿಗೆ ಹೋದ ವರ್ಷಗಳಲ್ಲಿ ತಯಾರು ಮಾಡಿಟ್ಟವು ಹಾಗೇ ಉಳಿದುಹೋಗಿದ್ದವು. ನಾನು ಅಸಲಿಯೇ ಎಂದು ಕೇಳಿದ್ದೆ, ಅವರು ಹೌದು ಎಂದಿದ್ದರು. ದರ್ಜಿ ಪ್ಯಾಂಟಿನ ಕಾಲು ಮಡಚಿ ಹೊಲಿದರೆ ಪ್ಯಾಂಟು ಬೇರೆಯಾಯಿತು ಎಂದು ಯಾರಾದರೂ ಹೇಳುತ್ತಾರೆಯೇ? ಅವರ ತಿಳಿವಳಿಕೆಯಲ್ಲಿ ಇದು ಅಷ್ಟೇ. ನಿಬ್ಬು ಕೂಡಿಸದೆ ಪೆನ್ನು ಕೊಡುವುದೇ ಅವರಿಗೆ ಅಪ್ರಾಮಾಣಿಕತನ.

ವಕೀಲರ ಮುಖ ಬಿಳಿಚಿತ್ತು. ಕಾಕಾ ಅದನ್ನು ನೋಡಿ, ಕಪಾಟಿನ ಕೆಳಗಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ತೆಗೆದ ನಿಬ್ಬುಗಳೆಲ್ಲ ಇದ್ದವು, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿಟ್ಟದ್ದು.

“ಇದರ ಸಲುವಾಗಿ ಇಷ್ಟ್ಯಾಕ ಗಾಬರಿ? ನಾಕು ದಿನ ಅವ. ಎಲ್ಲಾ ತಿರುಗಿ ಕೂಡಿಸ್ತೇನಿ. ಕೈ ನಡುಗ್ತಾವು, ಆದ್ರೂ ಕೂಡಿಸ್ತೇನಿ.”

ವಕೀಲರು ಎದ್ದು, ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಹೋದರು. ಹತ್ತು ವರ್ಷದಲ್ಲಿ ಆ ಮನುಷ್ಯ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಕೇಳಬಾರದ ಮಾತನ್ನು ಕೇಳಿಸಿಕೊಳ್ಳದೆ ಇರುವುದು ಅವರ ರೀತಿ. ತೀರ್ಮಾನವನ್ನು ನನ್ನ ತಲೆಗೆ ಕಟ್ಟಿ ಹೋಗಿದ್ದರು.

ನಿಬ್ಬು ಮತ್ತೆ ಕೂಡಿಸಿದ್ದರೆ ಕಮಿಶನರಿಗೆ ನೂರಾ ಹದಿನಾಲ್ಕೂ ಅಸಲಿಯೇ ಕಾಣುತ್ತಿದ್ದವು. ಪರೀಕ್ಷೆಗೆಂದು ಮುಂಬೈಗೆ ತರಿಸಿಕೊಂಡ ಆ ಒಂದು ಪೆನ್ನನ್ನು ಕಂಪನಿಯವರೇ ಬಿಚ್ಚಿ ಬದಲಿಸಿದ್ದಾರೆ ಎಂದು ನಾವು ಹೇಳಬಹುದಿತ್ತು. ನಾನು ಬೇಡ ಎಂದೆ. ಹಾಗೆಂದದ್ದಕ್ಕೆ ನನ್ನನ್ನು ಯಾರೂ ದೊಡ್ಡವಳು ಎನ್ನಬೇಕಾಗಿಲ್ಲ. ಅರ್ಧ ಕಾರಣ ಹೆದರಿಕೆ. ನಡುಗುವ ಕೈಗಳು ಎಲ್ಲೋ ಗೀರು ಬಿಡುತ್ತವೆ, ಸಿಕ್ಕಿಬೀಳುತ್ತೇವೆ ಎಂದುಕೊಂಡೆ. ಇನ್ನರ್ಧ, ಕಂಪನಿಯವರು ನಕಲಿ ಎಂದಾಗ ನನಗೆ ಹತ್ತಿದ್ದ ಉರಿ. ಆ ಉರಿಯನ್ನು ಇಟ್ಟುಕೊಂಡು ನಾನೇ ಕೂತು ನಕಲು ಮಾಡುವುದು ಆಗಲಿಲ್ಲ.

“ಹಿಂಗ ಇರ್ಲಿ ಕಾಕಾ. ನೀವು ಏನ್ ಮಾಡೀರಿ ಅದನ್ನ ಕೋರ್ಟಿನ್ಯಾಗ ಹೇಳ್ರಿ. ಡಬ್ಬೀನೂ ತೋರ್ಸ್ರಿ.”

“ಅದಕ್ಕೇನು? ಖರೇ ಹೇಳಾಕ ನನಗೇನು ಅಂಜಿಕಿ?” ಎಂದರು. ಆಗ ನನಗೂ ಅದು ಸರಿಯಾದ ದಾರಿಯೇ ಎನ್ನಿಸಿತ್ತು.

ಅರ್ಜಿಗೆ ತಿದ್ದುಪಡಿ ಹಾಕಿದೆವು. ಕಮಿಶನರ್ ಬಂದರು, ಬಿಚ್ಚಿದರು, ಎಂಬತ್ತೊಂದು ಎಂದು ಬರೆದುಕೊಂಡರು. ದೇಹ, ಮುಚ್ಚಳ, ಕ್ಲಿಪ್ಪು, ಶಾಯಿಯ ಕೊಳವೆ ಎಲ್ಲ ಹಳೆಯ ಕಂಪನಿಯವೇ ಎಂದೂ ಬರೆದರು. ಹಳೆಯ ಅಚ್ಚುಗಳ ದಾಖಲೆ ನಿಮ್ಮ ಬಳಿ ಇದೆಯೇ ಎಂದು ಕೇಳಿದಾಗ, ಮುಂಬೈಯಿಂದ ಬಂದಿದ್ದ ಅವರ ತಜ್ಞ ಇಲ್ಲ ಎಂದ. ಹೆಸರನ್ನು ಕೊಂಡವರು ಆ ಪೆನ್ನು ಹೇಗಿರುತ್ತಿತ್ತು ಎಂಬುದನ್ನು ಕೊಂಡಿರಲಿಲ್ಲ.

ಆಮೇಲೆ ಸಾಕ್ಷಿ. ಕಾಕಾ ಕಟಕಟೆ ಹಿಡಿದು ನಿಂತರು. ಎದುರು ವಕೀಲರು ಹುಬ್ಬಳ್ಳಿಯವರೇ, ಮಾತು ಸಕ್ಕರೆ.

“ಅಜ್ಜಾರ, ಕಂಪನಿ ನಿಬ್ಬು ತಗದು ಬ್ಯಾರೆ ಹಾಕಿದ್ದು ಖರೇನೋ ಸುಳ್ಳೋ?”

“ಖರೇ ರಿ.”

“ಕಂಪನಿಯವರನ್ನ ಕೇಳಿ ಹಾಕಿದ್ರೇನು?”

“ಅವರನ್ಯಾಕ ಕೇಳೂದು? ಬರಿಯೂ ಹುಡುಗುರನ್ನ ಕೇಳಿ ಹಾಕೇನಿ.”

“ಅಂದ್ರ ಪೆನ್ನು ಬದಲಾತು.”

“ಬದಲಾಗಿಲ್ರಿ. ಸುಧಾರಸ್ತು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಟೈಪಿಸ್ಟಿಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಸಾಕ್ಷಿಯು ಮೂಲ ನಿಬ್ಬುಗಳನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆದು ಬೇರೆ ನಿಬ್ಬುಗಳನ್ನು ಹಾಕಿದ್ದನ್ನು ಒಪ್ಪಿಕೊಳ್ಳುತ್ತಾರೆ, ಅಷ್ಟೇ. ಸುಧಾರಿಸಿತು ಎಂಬ ಮಾತು ಕಾಗದಕ್ಕೆ ಬರಲಿಲ್ಲ. ಎಷ್ಟು ಮಾತುಗಳು ಹೀಗೆ ದಾರಿಯಲ್ಲಿ ಉದುರುತ್ತವೆ ಎಂದು ಟೈಪಿಸ್ಟಾದ ನನಗೆ ಗೊತ್ತಿರಬೇಕಿತ್ತು. ಕಾಕಾ ಕೆಳಗೆ ಅಕ್ಷರ ಬಿಡಿಸಿ ದುಂಡಗೆ ಸಹಿ ಮಾಡಿ, ತುಂಬ ಸಮಾಧಾನದಿಂದ ಇಳಿದು ಬಂದರು. “ಎಲ್ಲಾ ಹೇಳಿಬಿಟ್ಟೆ ತಂಗಿ” ಎಂದರು. 

ತೀರ್ಪು ಬರಲು ಮತ್ತೂ ಒಂದು ವರ್ಷ ಬೇಕಾಯಿತು. ಗೆದ್ದೆವು. ಪೆನ್ನುಗಳ ಮೇಲಿನ ಮಾರ್ಕು ಅಸಲಿ, ವಾದಿ ಅವನ್ನು ನ್ಯಾಯವಾಗಿ ಪಡೆದಿದ್ದಾಳೆ, ಅವು ನಕಲಿ ಮಾಲಲ್ಲ, ಹಾಗೆಂದು ಬೆದರಿಸಿದ್ದಕ್ಕೆ ಸಮರ್ಥನೆಯಿಲ್ಲ, ಇನ್ನು ಬೆದರಿಸಕೂಡದು. ಎಲ್ಲ ಭಾಗಗಳೂ ಮೂಲ ಎಂದು ಜಾಹೀರಾತಿನಲ್ಲಿ ತಪ್ಪು ಹೇಳಿದ್ದರಿಂದ ನಷ್ಟ ಪರಿಹಾರವಿಲ್ಲ, ನಿಬ್ಬು ಬದಲಿಸಿದವನ್ನು ಅದನ್ನು ಹೇಳದೆ ಮಾರುವಂತಿಲ್ಲ. ಅದು ನ್ಯಾಯವೇ, ನನ್ನ ತಕರಾರಿಲ್ಲ. ಆದರೆ ಒಂಬತ್ತನೇ ಪುಟದಲ್ಲಿ ಒಂದು ವಾಕ್ಯವಿತ್ತು. ವಾದಿಗೆ ಮಾಲು ಕೊಟ್ಟ ವ್ಯಾಪಾರಿಯು ಕೊಳ್ಳುವವರಿಗೆ ತಿಳಿಯದಂತೆ ಪೆನ್ನುಗಳ ಒಳಭಾಗಗಳಲ್ಲಿ ಕೈವಾಡ ನಡೆಸಿದ್ದು, ಈ ಎಲ್ಲ ಗೊಂದಲಕ್ಕೆ ಅವನ ನಡತೆಯೇ ಮೂಲ ಎಂದು. ನನ್ನನ್ನು ನಿರಪರಾಧಿ ಎನ್ನಲು ನ್ಯಾಯಾಲಯಕ್ಕೆ ಒಬ್ಬ ಅಪರಾಧಿ ಬೇಕಿತ್ತು. ಅವನನ್ನು ಕಟಕಟೆಗೆ ಕರೆದುಕೊಂಡು ಹೋದವಳು ನಾನು.

ಮೇಲ್ಮನವಿಗೆ ಆಸ್ಪದವಿದೆಯೇ ಎಂದು ವಕೀಲರನ್ನು ಕೇಳಿದೆ. ಗೆದ್ದವರು ಒಂದು ವಾಕ್ಯಕ್ಕಾಗಿ ಮೇಲೆ ಹೋಗುವುದು ಬಹಳ ಕಷ್ಟ, ಹೋದರೂ ಅಷ್ಟು ವರ್ಷ ಕಾಕಾ ಇರಬೇಕಲ್ಲ ಎಂದರು. ತೀರ್ಪಿನ ಪ್ರತಿಯನ್ನು ವೆಬ್‌ಸೈಟಿಗೆ ಕಳಿಸಿದೆ. ಬಹುಕಾಲ ಬಳಸದ ಕಾರಣ ನಿಮ್ಮ ಹಳೆಯ ಖಾತೆಯನ್ನು ಅಳಿಸಲಾಗಿದೆ, ಹೊಸ ಖಾತೆ ತೆರೆಯಲು ನಿಮಗೆ ಸ್ವಾಗತ ಎಂದು ಉತ್ತರ ಬಂತು. ಸಹಿ, ‘ಸುರಕ್ಷತಾ ತಂಡ’. ಆ ಇನ್ನೂರು ಒಳ್ಳೆಯ ಮಾತುಗಳು ಈಗ ಎಲ್ಲೂ ಇಲ್ಲ. ನಾನು ಹೊಸ ಖಾತೆ ತೆರೆಯಲಿಲ್ಲ.

ಕಾಕಾ ತೀರ್ಪಿನ ಪ್ರಮಾಣಿತ ಪ್ರತಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಕೊನೆಯ ಹಾಳೆಯ ಶಿಕ್ಕಾ ಮುಟ್ಟಿ ನೋಡಿದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಪೆನ್ನಿನ ಮೇಲಿನ ಹೆಸರು ಓದುವಷ್ಟು ಬಿಟ್ಟರೆ.

“ಕನ್ನಡದಾಗ ಟೈಪ್ ಮಾಡಿ ಕೊಡು. ನನ್ನ ಬಗ್ಗೆ ಏನು ಬರದಾರ, ನಾನ ಓದಬೇಕು.”

ಮೂರು ದಿನ ಕೂತು ಪುಟಕ್ಕೆ ಪುಟ ಹೊಂದಿಸಿ ಅನುವಾದ ಮಾಡಿದೆ. ಒಂಬತ್ತನೇ ಪುಟಕ್ಕೆ ಬಂದು ನಿಂತೆ. ವೃತ್ತಿಗೆ ಬಂದಾಗಿನಿಂದ ಕಾಗದದಲ್ಲಿ ಇದ್ದದ್ದನ್ನು ಬಿಟ್ಟು ಒಂದು ಅಕ್ಷರ ಹೊಡೆದವಳಲ್ಲ ನಾನು. ಅವತ್ತು ಹೊಡೆದೆ. ‘ಸದರಿ ವ್ಯಾಪಾರಿಯು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ನಿಬ್ಬುಗಳನ್ನು ಬದಲಿಸಿದ್ದು, ಅವರ ಪ್ರಾಮಾಣಿಕತೆಯ ಬಗ್ಗೆ ಈ ನ್ಯಾಯಾಲಯಕ್ಕೆ ಯಾವ ಸಂದೇಹವೂ ಇಲ್ಲ.’ ನ್ಯಾಯಾಲಯದ ಭಾಷೆಯನ್ನು ಇಷ್ಟು ವರ್ಷ ಬಡಿದಿದ್ದರಿಂದ ವಾಕ್ಯ ಸಲೀಸಾಗಿ ಬಂತು.

ಕಾಕಾ ಭೂತಗನ್ನಡಿ ಹಿಡಿದು, ಬೆರಳು ಓಡಿಸುತ್ತ, ಹನ್ನೊಂದು ಪುಟವನ್ನೂ ಗಲ್ಲೆಯ ಹಿಂದೆ ಕೂತು ಓದಿದರು. ನಾನು ಎದುರು ನಿಂತಿದ್ದೆ. ಆ ವಾಕ್ಯಕ್ಕೆ ಬಂದಾಗ ಬೆರಳು ನಿಂತಿತು. ಮತ್ತೊಮ್ಮೆ ಓದಿದರು. ಮುಖ ಅರಳಿತು, ನಾನು ಕಂಡೆ. ಆಮೇಲೆ ಪಕ್ಕದಲ್ಲಿದ್ದ ಇಂಗ್ಲಿಷು ಪ್ರತಿಯನ್ನು ಎಳೆದುಕೊಂಡು, ಒಂಬತ್ತನೇ ಪುಟ ತೆರೆದು ನನ್ನ ಕಡೆ ತಿರುಗಿಸಿದರು.

“ಈ ಸಾಲು ಇದರಾಗ ಎಲ್ಲೈತಿ? ಬೆರಳಿಟ್ಟು ತೋರಸು.”

ನಾನು ಬೆರಳಿಟ್ಟೆ. ಕೈವಾಡ ಎಂದಿದ್ದ ಆ ವಾಕ್ಯದ ಮೇಲೆಯೇ ಇಟ್ಟೆ. ಕನ್ನಡದಲ್ಲಿ ಎರಡೂವರೆ ಸಾಲು ಇದ್ದದ್ದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇತ್ತು. ಅವರು ಭೂತಗನ್ನಡಿ ಸರಿಸಿ ಆ ನಾಲ್ಕು ಸಾಲುಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ.

ಕನ್ನಡದ ಹಾಳೆಗಳನ್ನು ಅಂಚು ಕೂಡಿಸಿ, ಮಡಚಿ, ಅವರು ನನ್ನ ಕೈಗೆ ಕೊಟ್ಟರು.

“ಛಲೋ ಬರದೀದಿ ತಂಗಿ. ಇದನ್ನ ನೀ ಇಟ್ಕೋ. ಶಿಕ್ಕಾ ಇದ್ದದ್ದು ನನ್ನ ಹಂತ್ಯಾಕ ಇರ್ಲಿ.”